‘ಹೆಸರು ತೆಗೆ’ ಎಂಬ ಬಟನ್

ಸುಮನ್ ವೈನಿ, ಆಪರೇಷನ್ ಪಟ್ಟಿಯಿಂದ ಆ ಹೆಸರುಗಳು ಹೋಗಿದ್ದು ನಿಮ್ಮಿಂದಲ್ಲ, ನನ್ನಿಂದ. ಅದು ನನಗೆ ಅಂದೇ ಗೊತ್ತಿತ್ತು — ನಿಮ್ಮನ್ನು ಕೆಲಸ ಬಿಡಿಸುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆ.

ಇದನ್ನು ಬೇರೆಯವರೂ ಓದಬೇಕೆಂಬುದು ನನ್ನ ಇಚ್ಛೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು. ನಿಪ್ಪಾಣಿಯ ಒಂದು ಕಣ್ಣಿನ ದವಾಖಾನೆಗೆ ಪೊರೆ ಆಪರೇಷನ್ನಿನ ಸರದಿ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿಕೊಟ್ಟಿದ್ದೆ. ರಾಯಬಾಗ, ಅಥಣಿ, ಕಾಗವಾಡದ ಕಡೆಯವರೆಲ್ಲ ಅಲ್ಲಿ ಹೆಸರು ಹಚ್ಚುತ್ತಿದ್ದರು. ಹತ್ತು ಕೆಲಸವನ್ನು ಒಂದೇ ಏಟಿಗೆ ಮಾಡಿ ಮುಗಿಸುವ ಆಜ್ಞೆಗಳ ಕಟ್ಟಿಗೆ ಮ್ಯಾಕ್ರೋ ಎನ್ನುತ್ತಾರೆ. ಅಂಥ ಮ್ಯಾಕ್ರೋಗಳನ್ನು ಬರೆದು, ಪರದೆಯ ಮೇಲ್ತುದಿಯಲ್ಲಿ ಎರಡು ಬಟನ್ ಕೂರಿಸಿದ್ದೆ. ಒಂದು ‘ಹೆಸರು ಸೇರಿಸು’, ಇನ್ನೊಂದು ‘ಹೆಸರು ತೆಗೆ’. ಆಪರೇಷನ್ ಆದವರ ಹೆಸರನ್ನು ಪಟ್ಟಿಯಿಂದ ಅಳಿಸಲಿಕ್ಕೆ ಎರಡನೆಯದು. ಇಂಗ್ಲಿಷ್ ಬೇಡ, ಅಚ್ಚ ಕನ್ನಡ ಇರಲಿ ಎಂಬ ಜಂಬ ನನ್ನದು. ಅಳಿಸುವ ಮೊದಲು ‘ಖಾತ್ರಿಯೇ?’ ಎಂದು ಕೇಳುವ ಒಂದು ಸಾಲನ್ನೂ ಹಾಕಿರಲಿಲ್ಲ — ಕೆಲಸ ಚುರುಕಾಗಿ ಆಗಬೇಕಲ್ಲ! ಮ್ಯಾಕ್ರೋ ಅಳಿಸಿದ್ದನ್ನು ಕಂಪ್ಯೂಟರ್ ಮರಳಿ ಕೊಡುವುದಿಲ್ಲ ಎಂಬುದು ಗೊತ್ತಿದ್ದೂ ಹಾಕಿರಲಿಲ್ಲ.

ಹಳೆಯ ಗುಮಾಸ್ತ ಹೋಗಿ ನೀವು ಬಂದಿರಿ. ಎಲ್ಲರಂತೆ ನಾನೂ ನಿಮ್ಮನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದೆ. ಕೊಗನೊಳ್ಳಿಯವರು, ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಓದಲು ಮಾತಾಡಲು ಎರಡೂ ಬರುತ್ತಿತ್ತು. ನಾನು ಬಂದು ತೋರಿಸಿಕೊಡಬೇಕಿತ್ತು. ಬರಲಿಲ್ಲ. ಬಟನ್ ಮೇಲೆ ಬರೆದದ್ದನ್ನು ಓದಿದರೆ ಸಾಕು ಎಂದು ಫೋನಿನಲ್ಲೇ ಮುಗಿಸಿದೆ.

ಕೆಲವು ದಿನ ಬಿಟ್ಟು ನಿಮ್ಮ ಫೋನು ಬಂತು.

“ಮಾಸ್ತರ್ರ, ತೆಗೆ ಅನ್ನೂದು ಒತ್ತಿದ್ರ ಅದು ತಗ್ಯಾಂಗಿಲ್ರಿ.”

ನಾನು ಕ್ಲಾಸಿನ ನಡುವೆ ಇದ್ದೆ. ನೀವು ಏನು ಮಾಡುತ್ತಿದ್ದೀರಿ ಎಂದು ಒಂದು ಮಾತು ಕೇಳಿದ್ದರೆ — ಕೇಳಲಿಲ್ಲ.

“ಇನ್ನೊಮ್ಮೆ ಒತ್ತರಿ ವೈನಿ,” ಎಂದೆ. “ಆಗಲಿಲ್ಲಂದ್ರ ಮತ್ತೊಮ್ಮೆ ಒತ್ತರಿ.”

ಫೋನಿಟ್ಟು ಹುಡುಗರ ಮುಂದೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ನಕ್ಕೆ. ಹುಡುಗರೂ ನಕ್ಕರು.

ಮುಂದಿನ ಆಪರೇಷನ್ ಶಿಬಿರದ ದಿನ ದವಾಖಾನೆಯ ಅಂಗಳದಲ್ಲಿ ಗದ್ದಲ ಎದ್ದಿತು. ಚಿಂಚಲಿಯಿಂದ, ಅಲಖನೂರಿನಿಂದ ಬಂದ ಮುದುಕರ ಹೆಸರುಗಳೇ ಪಟ್ಟಿಯಲ್ಲಿಲ್ಲ. ಕೆಳಗಿದ್ದವರು ಮೇಲೆ ಬಂದಿದ್ದರು. ಹಾಗೆ ಮೇಲೆ ಬಂದವರಲ್ಲಿ ನಿಮ್ಮ ಅತ್ತೆಯವರ ಹೆಸರೂ ಇತ್ತು. ಇನ್ನೇನು ಬೇಕು ಮಂದಿಗೆ? ಸೊಸೆ ಬೇರೆಯವರನ್ನು ಕಿತ್ತು ಅತ್ತೆಯನ್ನು ಮುಂದೆ ತಂದಳು ಎಂದು ಆಡಿಕೊಂಡರು. ದವಾಖಾನೆಯ ಸಾಹೇಬರು ನನ್ನನ್ನು ಕರೆಸಿದರು.

ನಾನು ಬಂದು ಕೂತು ಮೊದಲು ಮ್ಯಾಕ್ರೋ ನಡೆಸಲು ಆ ಕಂಪ್ಯೂಟರಿನಲ್ಲಿ ಪರವಾನಗಿ ಇದೆಯೇ ನೋಡಿದೆ. ಇತ್ತು. ಬಟನ್ ಯಾವುದೋ ಹಳೆಯ ಫೈಲಿಗೆ ಜೋಡಿಸಿಕೊಂಡು ಕೂತಿದೆಯೇ ಎಂದು ಹುಡುಕಿದೆ. ಈ ಬಟನ್‌ಗಳಿಗೆ ಆ ಕೆಟ್ಟ ಚಾಳಿ ಉಂಟು, ಫೈಲಿನ ಜಾಗ ಬದಲಾದರೂ ಹಳೆಯದನ್ನೇ ಹಿಡಿದು ಜಗ್ಗುತ್ತವೆ. ಅದೂ ಇರಲಿಲ್ಲ. ಕೊನೆಗೆ, ನೀವು ಹೇಗೆ ಮಾಡುತ್ತೀರಿ ತೋರಿಸಿ ಎಂದೆ.

ನೀವು ಒಂದು ಹೆಸರಿನ ಮೇಲೆ ಬೆರಳಿಟ್ಟಿರಿ. “ಯಾರರ ಫೋನ್ ಮಾಡಿ ನಮ್ಮ ಪಾಳಿ ಯಾವಾಗ ಅಂತ ಕೇಳ್ತಾರಲ್ರಿ, ಆಗ ಅವರ ಹೆಸರು ತಗೀಬೇಕಲ್ಲ, ಊರು, ನಂಬರ್ ಎಲ್ಲಾ ನೋಡಾಕ.” ಹೀಗೆಂದು ಬಟನ್ ಒತ್ತಿದಿರಿ. ಸಾಲು ಮಾಯವಾಯಿತು, ಕೆಳಗಿನದು ಆ ಜಾಗಕ್ಕೆ ಏರಿತು. “ನೋಡ್ರಿ, ತಗ್ಯಾಂಗಿಲ್ಲ. ಬ್ಯಾರೆದವರ ಹೆಸರಿನ ಮ್ಯಾಲೆ ಹೋಗಿ ಕುಂದರತೈತಿ.”

ಆಗ ತಿಳಿಯಿತು ನನಗೆ.

ಬಾಗಿಲು ತೆಗೆ, ಪುಸ್ತಕ ತೆಗೆ, ಫೈಲ್ ತೆಗೆ — ನಾನೇ ದಿನವೂ ಕ್ಲಾಸಿನಲ್ಲಿ ಹೇಳುವ ಮಾತು. ಆ ಬಟನ್ ಹೆಸರನ್ನು ತೆರೆದು ತೋರಿಸುತ್ತದೆ ಎಂದು ನೀವು ತಿಳಿದಿರಿ. ನಾನು ಬರೆದದ್ದು ಕಿತ್ತುಹಾಕು ಎಂಬ ಅರ್ಥದಲ್ಲಿ. ನಿಮ್ಮ ಕನ್ನಡದಲ್ಲಿ ಏನೂ ಕೊರತೆ ಇರಲಿಲ್ಲ ವೈನಿ. ಒಮ್ಮೆ ಒತ್ತಿದರೆ ಒಬ್ಬರು ಹೋಗುತ್ತಿದ್ದರು. ನನ್ನ ಮಾತು ಕೇಳಿ ಮತ್ತೆ ಮತ್ತೆ ಒತ್ತಿದ್ದಕ್ಕೆ —

ನೀವು ನೀರು ಕುಡಿಯಲು ಹೊರಗೆ ಹೋದಿರಿ. ಅಷ್ಟರಲ್ಲಿ ಬಟನ್ನಿನ ಹೆಸರನ್ನು ‘ಅಳಿಸು’ ಎಂದು ಬದಲಿಸಿದೆ. ‘ಖಾತ್ರಿಯೇ?’ ಎಂಬ ಸಾಲನ್ನೂ ಸೇರಿಸಿದೆ. ಎಷ್ಟು ಸಣ್ಣ ಕೆಲಸ ಅದು! ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ ಬಾಗಿಲ ಕಡೆ ನೋಡುತ್ತಲೇ ಮಾಡಿದೆ.

ಸಾಹೇಬರು ನಿಮ್ಮ ಎದುರಿಗೇ ಕೇಳಿದರು. “ಬಟನ್‌ದಾಗ ಏನರ ದೋಷ ಐತೇನ್ರಿ ಮಾಸ್ತರ್?”

“ಇಲ್ರಿ. ಬಟನ್ ಬರೋಬ್ಬರಿ ಐತ್ರಿ.”

ಇದೇ ನನ್ನ ಪಾಪ. ಆ ಮಾತಿನಲ್ಲಿ ಸುಳ್ಳೇನಿತ್ತು ಎಂದು ಎಷ್ಟೋ ವರ್ಷ ನನ್ನನ್ನೇ ನಾನು ಕೇಳಿಕೊಂಡಿದ್ದೇನೆ. ಬಟನ್ ಬರೆದಂತೆಯೇ ನಡೆಯುತ್ತಿತ್ತು, ನಿಜ. ಆದರೆ ಅವರು ಕೇಳಿದ್ದು ಬಟನ್ನಿನ ಮಾತಲ್ಲ, ತಪ್ಪು ನಿಮ್ಮದೋ ಅಲ್ಲವೋ ಎಂದು — ಅದು ನನಗೆ ತಿಳಿದಿತ್ತು. ದವಾಖಾನೆ ನಡೆಸುವ ಸಂಸ್ಥೆಯ ಶಾಲೆಗಳ ಕಂಪ್ಯೂಟರ್ ಕೆಲಸವೂ ನನಗೇ ಸಿಗುವುದರಲ್ಲಿತ್ತು. ಆಡಬೇಕಾದ ಮಾತನ್ನು ನುಂಗಿಕೊಂಡೆ. ನೀವು ನನ್ನ ಮುಖ ನೋಡಿದಿರಿ, ನಾನು ಕೀಬೋರ್ಡ್ ನೋಡುತ್ತಿದ್ದೆ.

ಅಂದೇ ನಿಮ್ಮನ್ನು ಬಿಡಿಸಿದರು. ಅತ್ತೆಯವರ ಸರದಿಯನ್ನೂ ರದ್ದು ಮಾಡಿದರು. ನೀವು ಅಳುತ್ತ ಹೊರಟಾಗ ನಿಮ್ಮ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಬಂದೆ. ದಾರಿಯುದ್ದಕ್ಕೂ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಂಡೆ. ಬಸ್ಸು ಬಂತು. ನೀವು ಹತ್ತಿದಿರಿ.

ಶಾಲೆಗಳ ಕೆಲಸ ನನಗೆ ಸಿಕ್ಕಿತು. ಚೆನ್ನಾಗಿಯೇ ಬದುಕಿದೆ, ಅದನ್ನೂ ಹೇಳಿಬಿಡುತ್ತೇನೆ.

ಹೋದ ತಿಂಗಳು ಕೊಗನೊಳ್ಳಿಗೆ ಬಂದದ್ದು ಇದನ್ನೇ ಹೇಳಲು. ನೀವು ಹಳೆಯ ಮಾತೇ ತೆಗೆಯದೆ ಚಹಾಕ್ಕೆ ಇಟ್ಟಿರಿ. ಕಟ್ಟೆಯ ಮೇಲೆ ಕೂತಿದ್ದ ಅತ್ತೆಯವರು ನನ್ನ ಕಡೆ ಮುಖ ಮಾಡಿ, “ಕೋಣ ಆಲಂ ಗಂ?” ಎಂದು ಮರಾಠಿಯಲ್ಲಿ ಕೇಳಿದರು — ಯಾರೇ ಬಂದದ್ದು, ಎಂದು. ಆ ಗದ್ದಲದ ನಂತರ ನಾಚಿಕೆಯಿಂದ ಇನ್ನೊಂದು ದವಾಖಾನೆಯ ಮೆಟ್ಟಿಲು ಹತ್ತಲು ಅವರು ಒಪ್ಪಲೇ ಇಲ್ಲವಂತೆ. ಕೊನೆಗೆ ಮಿರಜಿನ ದವಾಖಾನೆಗೆ ಒಯ್ಯುವ ಹೊತ್ತಿಗೆ ಪೊರೆ ಬಲಿತು ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಕತ್ತಲೆ ಅಷ್ಟೇ. ಇದನ್ನು ನೀವು ಯಾರನ್ನೂ ದೂರದೆ ಹೇಳಿದಿರಿ. ಆಮೇಲೆ ಅತ್ತೆಯವರಿಗೆ, “ಚಿಕ್ಕೋಡಿ ಮಾಸ್ತರ್ರು ಬಂದಾರ ಅತ್ತಿ. ಆವತ್ತ ಎಲ್ಲಾರೂ ಕೈ ಬಿಟ್ರು, ಇವರೊಬ್ಬರ ಬಸ್ಸಿನ ತನಕಾ ಬಂದಿದ್ರು. ಚಲೋ ಮನಶ್ಯಾರು,” ಎಂದಿರಿ.

ಆ ಮುದುಕಿ ನನ್ನತ್ತ ಕೈ ಮುಗಿದರು. ನಾನು ಇರುವ ಕಡೆಗಲ್ಲ, ಸ್ವಲ್ಪ ಆಚೆ. ನಾನೂ ಕೈ ಮುಗಿದೆ, ಚಹಾ ಕುಡಿದೆ, ಎದ್ದು ಬಂದೆ. ಎರಡನೆಯ ಸಲವೂ ಬಾಯಿ ಬರಲಿಲ್ಲ.

ಆದ್ದರಿಂದ ಬರೆಯುತ್ತಿದ್ದೇನೆ. ದವಾಖಾನೆಯ ಸಾಹೇಬರಿಗೆ ನಿನ್ನೆಯೇ ಎಲ್ಲವನ್ನೂ ಹೇಳಿ, ಬರೆದು, ಸಹಿ ಮಾಡಿ ಕೊಟ್ಟು ಬಂದಿದ್ದೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನನ್ನನ್ನು ಚಲೋ ಮನುಷ್ಯ ಎಂದು ಮಾತ್ರ ಇನ್ನು ಯಾರಿಗೂ ಹೇಳಬೇಡಿ. ಇದನ್ನು ಅತ್ತೆಯವರಿಗೂ ಓದಿ ಹೇಳಿ ವೈನಿ. ನಿಮ್ಮಿಂದ ಆಗದಿದ್ದರೆ ಹೇಳಿ ಕಳಿಸಿ, ನಾನೇ ಬಂದು ಅವರ ಮುಂದೆ ಕೂತು ಓದುತ್ತೇನೆ.