ಮಾತಾಡದ ರೊಟ್ಟಿ

ತೇರದಾಳದ ಶರಣ ಸಮ್ಮೇಳನದಲ್ಲಿ, ಪೆಂಡಾಲಿನ ಹಿಂದೆ ಕೂತು ದಾಸೋಹದ ಖಡಕ್ ರೊಟ್ಟಿ ಆರಿಸುತ್ತಿದ್ದವರು ನಮ್ಮ ಬನಹಟ್ಟಿ ಓಣಿಯ ನೇಕಾರ ಅಕ್ಕ. ಐದು ದಿನದ ಊಟ. ಮೆತ್ತಗಿನ ರೊಟ್ಟಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುತ್ತಿದ್ದರು. ಸಪ್ಪಳ ಬಂದರೆ ಬುಟ್ಟಿಗೆ. ಇಲ್ಲದಿದ್ದರೆ, "ಇದು ಇನ್ನೂ ಮಾತಾಡವಲ್ದು" ಎಂದು ಆ ರೊಟ್ಟಿ ಬಡಿದು ಬೇಯಿಸಿದವಳ ಕಡೆಗೇ ಸರಿಸುತ್ತಿದ್ದರು.

ಮೊದಲ ದಿನ ನಾನು ಬಡಿದ ಒಂಬತ್ತೂ ವಾಪಸ್ ಬಂದವು, ಎರಡನೇ ದಿನ ಆರಕ್ಕೆ ಆರು. ಗೆಳತಿಯರು ಅವನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು. "ಅಕ್ಕಾರ, ಇಕಿ ರೊಟ್ಟಿ ಮೂಕ ಇದ್ರೂ ರುಚಿ ಅದಾವ್ರಿ" ಎಂದು ನಕ್ಕರು. ನನಗೆ ಒಂದಾದರೂ ಬುಟ್ಟಿ ಸೇರಲೇಬೇಕಿತ್ತು.

ಮೂರನೇ ದಿನ ಪ್ರತಿಯೊಂದನ್ನೂ ಒಲೆಯ ಬದಿಗೆ ನಿಲ್ಲಿಸಿ, ಅಲ್ಲಿಂದ ಏಳದೆ ಒಣಗಿಸಿದೆ. ಅಕ್ಕ ಮೊದಲನೆಯದನ್ನು ತಟ್ಟಿದರು, ಮತ್ತೊಮ್ಮೆ ತಟ್ಟಿದರು. ಅದನ್ನು ಬುಟ್ಟಿಯಲ್ಲಿಟ್ಟು, ಮುಂದಿನದಕ್ಕೆ ಕೈ ಚಾಚಿದರು.