ತಿಳಿನೀರಿಗೆ ಬಿದ್ದ ಹನಿ

ನಮ್ಮ ಕೆಮಿಸ್ಟ್ರಿ ಮೇಡಂ ಹತ್ತಿರ ಬಂದರೆ ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು, ಆಮೇಲೆ ಮುಡಿದ ಮಲ್ಲಿಗೆಯದು. ಗಂಧಕದ ಕೆಲಸ ಮಾಡುವವರ ಸೀರೆಗೆ ಆ ವಾಸನೆ ಅಂಟಿಬಿಡುತ್ತದೆ. ಜಮಖಂಡಿಯ ಕಾಲೇಜಿನಿಂದ ಮುಧೋಳಕ್ಕೆ ಮರಳುವ ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. "ಛಲೋ ಆತು, ಚೀಲ ಇಡಾಕ ಜಾಗಾ ಸಿಗತೈತಿ" ಎಂದು ನಗುತ್ತಿದ್ದರು.

ನಾನು ಅವರ ಬಳಿ ಪಿಎಚ್.ಡಿ.ಗೆ ಸೇರಿದ್ದೆ. ರಬಕವಿಯ ಮಗ್ಗಗಳ ಹತ್ತಿ ನೂಲಿನ ಕಸವನ್ನು ಕರಗಿಸಿ, ಆ ಸೆಲ್ಯುಲೋಸಿನೊಳಗೆ ಕ್ಯಾಡ್ಮಿಯಂ ಸಲ್ಫೈಡಿನ ನ್ಯಾನೊ ಕಣಗಳನ್ನು ಮೂಡಿಸಿ, ಗಾಜಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹರಡುವುದು ನಮ್ಮ ಕೆಲಸ. ಬಿಸಿಲು ಬಿದ್ದರೆ ಆ ಪದರ ನೀರಿನಲ್ಲಿರುವ ಬಣ್ಣವನ್ನು ಕಳೆಯಬೇಕು. ಪದರ ಬಿರಿಯುತ್ತಿತ್ತು, ಸುಕ್ಕುಗಟ್ಟುತ್ತಿತ್ತು. ಮೇಡಂ ಬೈಯುತ್ತಿರಲಿಲ್ಲ. "ಒಣಗಾಕ ಅವಸರ ಮಾಡಬ್ಯಾಡವಾ," ಅಷ್ಟೇ.

ಕೊನೆಗೊಮ್ಮೆ ನಿಂಬೆಹಣ್ಣಿನ ಬಣ್ಣದ, ಒಂದೂ ಬಿರುಕಿಲ್ಲದ ಪದರ ಬಂತು. ಅಪ್ಪನದು ಸೀರೆಯ ನೂಲಿಗೆ ಬಣ್ಣ ಹಾಕುವ ಕೆಲಸ. ಅಲ್ಲಿ ಉಳಿದ ಕೆಂಪು ನೀರು ತಂದು, ಪದರವನ್ನು ಅದರಲ್ಲಿ ಮುಳುಗಿಸಿ ಬಿಸಿಲಿಗಿಟ್ಟೆ. ಸಂಜೆಗೆ ನೀರು ತಿಳಿಯಾಗಿತ್ತು. ನೋಡಲು ಬಂದಿದ್ದ ಅಪ್ಪ ಕುಣಿಯುವುದೊಂದು ಬಾಕಿ.

ಮೇಡಂ ಆ ನೀರನ್ನು ಸೋಸಿ, ಸೋಡಿಯಂ ಸಲ್ಫೈಡಿನ ಹನಿ ಬಿಟ್ಟರು. ತಿಳಿನೀರು ನಿಧಾನವಾಗಿ ಹಳದಿಯಾಯಿತು.

"ಬಣ್ಣ ಹೋತು, ಪದರದಾಗಿನ ಕ್ಯಾಡ್ಮಿಯಂ ನೀರಿಗೆ ಬಂತು. ಈ ಹಳದಿ ಅದರದ. ಅದು ವಿಷ."

"ಕಣ್ಣಿಗೆ ತಿಳಿ ಕಾಣತಿತ್ತಲ್ರೀ ಮೇಡಂ?" ಅಪ್ಪ ಕೇಳಿದ.

"ಅದಕ್ಕ ಅಂಜಿಕಿ ಬರತೈತ್ರಿ. ಕೆಂಪ ನೀರ ಯಾರೂ ಕುಡಿಯೂದಿಲ್ಲ."

ಅಪ್ಪ ನನ್ನ ಮುಖ ನೋಡಿದ. ನಾನು ಗಾಜಿನ ಲೋಟ ನೋಡಿದೆ. ಗೆದ್ದೆವೋ ಸೋತೆವೋ ತಿಳಿಯಲಿಲ್ಲ.

"ಇದನ್ನ ಬರೀಲೇನ್ರೀ, ಬ್ಯಾಡೇನ್ರೀ?" ಎಂದೆ.

"ಎರಡೂ ಬರಿ. ತಿಳಿ ಆಗಿದ್ದೂ, ಹಳದಿ ಆಗಿದ್ದೂ."

ಬರೆದೆ. ಕ್ಯಾಡ್ಮಿಯಂ ಬಿಟ್ಟು ಸತುವಿನ ಸಲ್ಫೈಡ್ ಹಿಡಿದು ಮೊದಲಿನಿಂದ ಶುರು ಮಾಡಿದೆವು. ಆ ಪದರ ಕೆಂಪು ನೀರನ್ನು ಗುಲಾಬಿಯಾಗಿಸಿತು, ಅದಕ್ಕಿಂತ ಮುಂದೆ ಹೋಗಲಿಲ್ಲ. ಜೊತೆಯವರೆಲ್ಲ ಡಾಕ್ಟರೇಟ್ ಪಡೆದು ಹೋದರು. ನಾನು ಪದರ ಒಣಗಿಸುತ್ತಲೇ ಇದ್ದೆ.

ಮೇಡಂ ಹಾಸಿಗೆ ಹಿಡಿದಾಗ ಮುಧೋಳಕ್ಕೆ ಹೋದೆ. ತಡೆಯಲಾಗದೆ ಕೇಳಿಬಿಟ್ಟೆ: "ನಾವು ಕ್ಯಾಡ್ಮಿಯಂ ಬಿಟ್ಟಿದ್ದು ಬರೊಬ್ಬರಿ ಇತ್ತೇನ್ರೀ? ಅಪ್ಪನ ಕೆಂಪ ನೀರು ಈಗೂ ಹಂಗ ಹಳ್ಳಕ್ಕ ಹೊಂಟೈತ್ರಿ."

"ಖರೆ ಹೇಳಲೇನು? ನನಗೂ ಗೊತ್ತಿಲ್ಲವಾ," ಎಂದು ನನ್ನ ಕೈ ಹಿಡಿದುಕೊಂಡರು.

ಶ್ರಾವಣಕ್ಕೆ ಮುಂಚೆಯೇ ಹೋಗಿಬಿಟ್ಟರು. ಈಗ ನಾನೂ ಪಾಠ ಹೇಳುತ್ತೇನೆ. ತರಗತಿಯಲ್ಲಿ ಉತ್ತರ ತಿಳಿಯದಿದ್ದರೆ "ಗೊತ್ತಿಲ್ಲ" ಎನ್ನಲು ನನಗೆ ಸಂಕೋಚವಾಗುವುದಿಲ್ಲ; ಅದು ಅವರು ಕೊಟ್ಟಿದ್ದು. ಕೆಂಪು ನೀರಿನದೇನಾಯಿತೆಂದು ಕೇಳುವ ಅಪ್ಪನಿಗೆ ಮಾತ್ರ ಇನ್ನೂ ಏನು ಹೇಳಬೇಕೋ ತಿಳಿದಿಲ್ಲ.