ಬಿರುಕಿನ ಕೆಳಗೊಂದು ಎಲೆ

ಆ ಮನುಷ್ಯನನ್ನು ನಾನು ಊಟಕ್ಕೆ ಕರೆದದ್ದು ಪ್ರೀತಿಯಿಂದಲ್ಲ, ಸೇಡಿನಿಂದ. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ಮನೆಯ ವಾಸ್ತುಶಾಂತಿಯ ದಿನ ನಾನು ಕೈಮುಗಿದು ಅವನನ್ನು ಬರಮಾಡಿಕೊಂಡದ್ದನ್ನು ಕಂಡವರು, ಓದಿದ ಹೆಣ್ಣುಮಗಳಿಗೆ ಎಷ್ಟು ವಿನಯ ಎಂದು ಇಂದಿಗೂ ಹೊಗಳುತ್ತಾರಂತೆ. ಆ ಹೊಗಳಿಕೆ ನನಗೆ ಸಲ್ಲದು.

ನಾನು ಗಂಗಾವತಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಗಂಡ ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ವಾರವಿಡೀ ನಾವಿರುವುದು ಕೊಪ್ಪಳದ ಬಾಡಿಗೆ ಮನೆಯಲ್ಲಿ. ಅಲ್ಲಿ ನಾವು ಸೀನಿದರೂ ಪಕ್ಕದ ಮನೆಯವರು ಗೋಡೆಯಾಚೆಯಿಂದ ಔಷಧಿ ಹೇಳುತ್ತಾರೆ. ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯಲ್ಲಿ ಗಂಡನ ಪಾಲಿಗೆ ಬಂದ ನಾಲ್ಕು ಗುಂಟೆ ನೆಲವಿತ್ತು. ಬರೀ ಕಲ್ಲುಮರಡಿ, ನಡುವೆ ಎರಡು ಬೇವಿನ ಮರ. ಬಿತ್ತಲು ಬಾರದ ಆ ನೆಲವನ್ನು ಅವನ ಅಣ್ಣಂದಿರು ಬಹಳ ಧಾರಾಳವಾಗಿ ಬಿಟ್ಟುಕೊಟ್ಟಿದ್ದರು. ಅಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಕೂತು ಬರೆಯಲು ಒಂದು ಕಿಟಕಿ ಇರುವ ಮನೆಯನ್ನು ನಮ್ಮ ಕೈಯಾರೆ ಕಟ್ಟಬೇಕು, ಶನಿವಾರ ಹೋಗಿ ಸೋಮವಾರ ಬೆಳಗ್ಗೆ ಮರಳಬೇಕು ಎಂದು ನಿಶ್ಚಯಿಸಿದೆವು.

ಕಟ್ಟಲು ಕಲಿಸಿದವನು ನನ್ನ ಅಪ್ಪ. ಅವನು ಗೌಂಡಿ. ಸುತ್ತಲಿನ ಹಳ್ಳಿಗಳಲ್ಲಿ ಕಲ್ಲಿನ ಗೋಡೆ ಕಟ್ಟುತ್ತ ನನ್ನನ್ನು ಎಂ.ಎ. ಓದಿಸಿದವನು. ಅವನ ಮೊದಲ ಕರಾರು, ವಾರಕ್ಕೆ ಎರಡೇ ಸಾಲು ಕಲ್ಲು ಇಡಬೇಕೆಂಬುದು. ಎರಡು ಸಾಲು ಇಟ್ಟು, ಹಸಿ ಗೋಣಿಚೀಲ ಹೊದಿಸಿ ನಾವು ಹೊರಡುತ್ತಿದ್ದೆವು. ವಾರದ ನಡುವೆ ಅಪ್ಪ ಬಂದು ನೀರುಣಿಸುತ್ತಿದ್ದ. ಪ್ರತಿ ಮೂರು ಅಡಿಗೊಂದು ಉದ್ದ ಕಲ್ಲು ಗೋಡೆಯ ಹೊರಮೈಯಿಂದ ಒಳಮೈವರೆಗೆ ಹಾಯಬೇಕು. ಮೂಲೆಯಲ್ಲಿ ಎರಡು ಗೋಡೆಗಳ ಕಲ್ಲು ಬೆರಳು ಹೆಣೆದಂತೆ ಕೂರಬೇಕು. ತೂಕದ ಗುಂಡು ಇಳಿಬಿಟ್ಟಾಗ ದಾರ ಕೂದಲೆಳೆಯಷ್ಟು ಸರಿದರೂ ಇಟ್ಟ ಕಲ್ಲನ್ನು ಕೀಳಿಸುತ್ತಿದ್ದ. ಒಂದು ಕಲ್ಲನ್ನು ಗಂಡನ ಕೈಯಿಂದ ಮೂರು ಸಲ ತೆಗೆಸಿದ.

“ಮಾವಾರ, ನಾ ಸಾಲ್ಯಾಗ ಹುಡುಗ್ರನ್ನ ಇಷ್ಟ ಸತಾಯ್ಸಂಗಿಲ್ರಿ,” ಎಂದು ಗಂಡ ಗೊಣಗಿದ.

“ಅದಕ ನೋಡ್ರಿ ಹುಡುಗ್ರು ಹಂಗಾಗ್ಯಾರ,” ಎಂದು ಅಪ್ಪ ಗಾರೆ ಮೆತ್ತುವ ಕರಣಿ ಚಾಚಿದ.

ಹೀಗೆ ಒಂದೂವರೆ ವರ್ಷ. ಸಿಮೆಂಟು ತಿಂದ ಬೆರಳುಗಳಲ್ಲೇ ನಾನು ಉತ್ತರಪತ್ರಿಕೆಗಳನ್ನು ತಿದ್ದಿದೆ. ಸ್ಲ್ಯಾಬ್ ಹಾಕಿದ ದಿನ ಗಂಡ ಅದರ ಕೆಳಗೆ ಚಾಪೆ ಹಾಸಿ ಮಲಗಿ, ಇನ್ನು ನನ್ನನ್ನು ಯಾರೂ ಎಬ್ಬಿಸಬಾರದು ಎಂದ.

ಎಬ್ಬಿಸಲು ಬೇರೊಬ್ಬ ಬಂದ. ಅದಾದ ಎರಡು ತಿಂಗಳಿಗೆ ಮರಡಿಯ ಆಚೆಗಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಶುರುವಾಯಿತು. ವಾರದ ಏಳೂ ದಿನ, ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಸೈರನ್ ಕೂಗುತ್ತಿತ್ತು. ಅದರ ಬೆನ್ನಿಗೆ ಬ್ಲಾಸ್ಟಿಂಗ್. ನೆಲದೊಳಗಿನಿಂದ ಯಾರೋ ಒದ್ದಂತೆ ಅಂಗಾಲಿಗೆ ತಾಗುತ್ತಿತ್ತು. ಮೂರನೆಯ ವಾರ ನಾವು ಹೋದಾಗ ಪಡಸಾಲೆಯ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಸ್ಲ್ಯಾಬಿನವರೆಗೆ, ಓರೆಯಾದ ಬಿರುಕು ಬಿದ್ದಿತ್ತು. ಅಪ್ಪ ಅದರೊಳಗೆ ಉಗುರು ಹಾಕಿ ನೋಡಿದ.

ನಾನು ಪಂಚಾಯ್ತಿಗೆ ಅರ್ಜಿ ಬರೆದೆ. ಪಂಚಾಯ್ತಿ ಕ್ವಾರಿಯ ಧಣಿಯಿಂದ ಉತ್ತರ ಕೇಳಿತು. ಉತ್ತರ ಬಂದದ್ದು ಹೀಗೆ: ನಮ್ಮ ಸ್ಫೋಟದ ಕಂಪನ ಸದರಿ ಕಟ್ಟಡವನ್ನು ತಲುಪುವುದೇ ಇಲ್ಲ, ಕೆಲಸ ಅರಿಯದ ಗೌಂಡಿಯಿಂದ ಕಳಪೆ ಕಾಮಗಾರಿ ಮಾಡಿಸಿದ್ದರಿಂದ ಬಿರುಕು ಬಿಟ್ಟಿರುತ್ತದೆ. ಕೆಳಗೆ ಧಣಿಯ ಸಹಿ.

ಅಪ್ಪನಿಗೆ ಓದಲು ಬಾರದು. ಬೇವಿನ ನೆರಳಲ್ಲಿ ಕೂತು ಗಂಡ ಓದಿ ಹೇಳಿದ.

“ಕಳಪಿ ಅಂತ ಬರ್ದಾರಲ್ಲ, ಅದನ್ನ ಇನ್ನೊಮ್ಮೆ ಓದ್ರಿ ಅಳಿಯಾರ.”

ಗಂಡ ಓದಿದ.

“ಹೂಂ,” ಎಂದು ಅಪ್ಪ ಎದ್ದು ಹೋಗಿ ಗಾರೆಯ ಬುಟ್ಟಿ ತೊಳೆಯತೊಡಗಿದ. ಅದನ್ನು ಆಗಲೇ ತೊಳೆದಾಗಿತ್ತು.

ಕಾಗದ ಪಂಚಾಯ್ತಿಯಲ್ಲೇ ಉಳಿಯಲಿಲ್ಲ, ಊರೂರು ತಿರುಗಿತು. ಪಕ್ಕದ ಹಳ್ಳಿಯಲ್ಲಿ ದೀಪಾವಳಿ ಮುಗಿದೊಡನೆ ಪಾಯ ತೆಗೆಯಲು ಅಪ್ಪನಿಗೆ ವೀಳ್ಯ ಕೊಟ್ಟಿದ್ದ ರೈತನೊಬ್ಬ, “ಸ್ವಲ್ಪ ನಿಂದ್ರಪಾ, ನೋಡೂಣು,” ಎಂದ. ಮಗಳ ಮನೆಯ ಗೋಡೆಯೇ ಸೀಳಿದೆ, ಮಂದಿಯ ಮನೆ ಏನು ಕಟ್ಟಿಯಾನು ಎಂಬ ಮಾತು ಚಹಾದಂಗಡಿಗಳಲ್ಲಿ ಹುಟ್ಟಿತು. ಆ ಚಳಿಗಾಲವೆಲ್ಲ ಅಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಗೋಡೆಗಾದ ಗಾಯವನ್ನು ನಾನು ಸಹಿಸುತ್ತಿದ್ದೆನೇನೋ. ಆ ಒಂದು ಸಾಲಿನಿಂದ ಒಬ್ಬ ಮನುಷ್ಯನ ಇಡೀ ಆಯುಷ್ಯದ ಹೆಸರನ್ನು ಅಳಿಸಿ, ಅದೇ ಕೈಯಿಂದ ಊಟ ಮಾಡಿದವನನ್ನು ಹೇಗೆ ಸಹಿಸುವುದು?

ಗಂಡ ಶಾಲೆಯ ಪ್ರಯೋಗಾಲಯದಲ್ಲಿ ಹಳತಾಗಿ ಬಿದ್ದಿದ್ದ ತೆಳು ಗಾಜಿನ ಪಟ್ಟಿಗಳನ್ನು ಕೇಳಿ ತಂದು, ಬಿರುಕಿಗೆ ಅಡ್ಡಲಾಗಿ ಗಿಲಾವಿನಿಂದ ಅಂಟಿಸಿದ. ಗೋಡೆ ಅಲುಗಿದರೆ ಗಾಜು ಮುರಿಯಲೇಬೇಕು. ಮುಂದಿನ ಶನಿವಾರ ಎರಡು ಪಟ್ಟಿ ತುಂಡಾಗಿದ್ದವು. ಫೋಟೋ ತೆಗೆದು ಕ್ವಾರಿಯ ಆಫೀಸಿಗೆ ಒಯ್ದೆವು. ಧಣಿ ಫೋಟೋವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

“ಮೇಡಂ, ಇದು ಯಾವ ಊರ ಗ್ವಾಡಿ ಅಂತ ನನಗೇನ ಗೊತ್ತಾಗಬೇಕ್ರಿ? ಚಾ ಕುಡೀತೀರೇನು?”

ಆ ಚಹಾ ಕುಡಿಯದೆ ಎದ್ದು ಬಂದ ದಾರಿಯಲ್ಲೇ ನನಗೆ ಉಪಾಯ ಹೊಳೆಯಿತು. ಗೋಡೆಯನ್ನು ಅವನ ಬಳಿಗೆ ಒಯ್ಯಲಾಗದು. ಅವನನ್ನೇ ಗೋಡೆಯ ಬಳಿಗೆ ತರಬಹುದು. ವಾಸ್ತುಶಾಂತಿಗೆ ಕರೆಯೋಣ, ಬಿರುಕಿನ ಸರಿಯಾಗಿ ಕೆಳಗೆ ಎಲೆ ಹಾಕೋಣ, ಒಂದು ಗಂಟೆಗೆ ಹುಗ್ಗಿ ಬಡಿಸೋಣ. ಅವನದೇ ಮದ್ದಿನ ಧೂಳು ಅವನದೇ ಎಲೆಗೆ ಉದುರಲಿ, ಊರು ನೋಡಲಿ. ನಮ್ಮಲ್ಲಿ ಶಾಂತಿಯ ಊಟಕ್ಕೆ ಕರೆದರೆ ವೈರಿಯೂ ಬರುತ್ತಾನೆ. ಬಾರದಿದ್ದರೆ ತಪ್ಪು ಒಪ್ಪಿಕೊಂಡಂತೆ.

“ನೀ ಊಟಕ್ಕ ಕರ್ಯಾಕತ್ತೀಯೋ, ಕಟಕಟೆಗೋ?” ಎಂದ ಗಂಡ.

“ಎರಡಕ್ಕೂರಿ. ಊಟಾ ಮಾತ್ರ ಛಲೋ ಇರಬೇಕು.”

ವಾಸ್ತುಶಾಂತಿಯ ಹಿಂದಿನ ದಿನ ನಾವಿಬ್ಬರೂ ಅಕ್ಕಿಗೆ, ಬಾಳೆಎಲೆಗೆ ಎಂದು ಗಂಗಾವತಿಗೆ ಹೋಗಿದ್ದೆವು. ಸಂಜೆಯ ಬಿಸಿಲಿರುವಾಗಲೇ ಮರಳಿ ಬಂದು ನೋಡಿದರೆ ಬಿರುಕಿಲ್ಲ. ಗೋಡೆಗೆ ಹೊಸ ಗಿಲಾವು ಬಿದ್ದು, ಅದರ ಮೇಲೆ ಸುಣ್ಣವೂ ಬಿದ್ದಿತ್ತು. ಒಡೆದ ಗಾಜುಗಳು ಒಂದು ಡಬ್ಬಿಯಲ್ಲಿದ್ದವು. ಅಪ್ಪ ಮೂಲೆಯಲ್ಲಿ ಕೂತು ಕರಣಿ ಒರೆಸುತ್ತಿದ್ದ.

“ಯಪ್ಪಾ, ಏನ ಮಾಡಿದಿ ಇದು? ಸಾಕ್ಷಿ ಅದು. ಅದ ಒಂದ ಇತ್ತು ನನ್ನ ಹಂತ್ಯಾಕ.”

“ಬಾಯಿ ತೆರದ ಗ್ವಾಡಿ ಮುಂದ ಮಂದಿಗೆ ಎಲಿ ಹಾಕಾಕ ಬರ್ತೈತೇನವಾ? ನಾ ಗೌಂಡಿ ಅದೀನಿ.”

“ನಿನ್ನ ಸಲುವಾಗೇ ಮಾಡಾಕತ್ತಿದ್ದೆ.”

“ನಿನಗ ಸೇಡ ಬೇಕು. ನನಗ ಗ್ವಾಡಿ ಬೇಕು.” ಅಪ್ಪ ತಲೆಯೆತ್ತಲಿಲ್ಲ. “ನನ್ನ ಕೆಲ್ಸ ಸೀಳಿದ್ದನ್ನ ಇಡೀ ಊರಿಗೆ ತೋರ್ಸಾಕ ಹೊಂಟಿದ್ದಿ. ನನ್ನ ಒಂದ ಮಾತ ಕೇಳಿದ್ದೇನು?”

ಕೇಳಿರಲಿಲ್ಲ. ಹೊಣೆಗಾರಿಕೆಯ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು, ಯಾರ ಹೆಸರಿಗಾಗಿ ಈ ಬಲೆ ಹೆಣೆದೆನೋ ಆ ಮನುಷ್ಯನನ್ನು ಒಂದು ಮಾತು ಕೇಳಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಅಂದು ಅಪ್ಪನೊಡನೆ ಮಾತು ಬಿಟ್ಟು ಈರುಳ್ಳಿ ಹೆಚ್ಚಿದೆ. ಅಳುವುದಕ್ಕೆ ಅದು ಒಳ್ಳೆಯ ನೆಪವಾಯಿತು.

ಮರುದಿನ ಧಣಿ ಬಿಳಿ ಅಂಗಿ ತೊಟ್ಟು, ಹಣ್ಣಿನ ಬುಟ್ಟಿ ಹಿಡಿಸಿಕೊಂಡು ಬಂದ. ನಾನು ಹೊಸ ಸುಣ್ಣದ ಗೋಡೆಗೇ ಬೆನ್ನಾಗುವಂತೆ ಅವನನ್ನು ಕೂರಿಸಿದೆ. ಬೇರೇನು ಉಳಿದಿತ್ತು ನನ್ನ ಕೈಯಲ್ಲಿ? ಎರಡು ಪಂಕ್ತಿ ಜನ. ಗೋಧಿ ಹುಗ್ಗಿ ಬಡಿಸುವಾಗ ಒಂದು ಗಂಟೆಯಾಯಿತು. ಆಗ ನಡೆದದ್ದನ್ನು ನಾನು ಯೋಜಿಸಿರಲಿಲ್ಲ. ಸುತ್ತಲಿನ ಹಳ್ಳಿಯವರು, ಒಬ್ಬರಿಗೊಬ್ಬರು ಹೇಳದೆಯೇ, ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಮಾಳಿಗೆಯ ಮಣ್ಣು ಅನ್ನಕ್ಕೆ ಉದುರದಂತೆ ಅವರು ದಿನವೂ ತಮ್ಮ ಮನೆಗಳಲ್ಲಿ ಹಿಡಿಯುವುದೇ ಹಾಗೆ. ಎಲ್ಲರೂ ಕಾದರು. ಸೈರನ್ ಕೂಗಲಿಲ್ಲ, ನೆಲ ಅಲುಗಲಿಲ್ಲ. ಒಬ್ಬ ಮುದುಕಿ, “ಗುಡ್ಡಕ್ಕೂ ಇವತ್ತ ಸೂಟಿ ಏನ?” ಎಂದಳು. ಪಂಕ್ತಿ ನಕ್ಕಿತು.

ಧಣಿಯೂ ನಕ್ಕ. ಉದಾರಿಯಂತೆ ಕೈಯೆತ್ತಿ ಹೇಳಿದ, “ಇವತ್ತ ಬ್ಲಾಸ್ಟಿಂಗ್ ಬ್ಯಾಡ ಅಂತ ನಾನ ಹೇಳಿ ಬಂದೀನ್ರಿ. ಶಾಂತಿ ದಿನ ಇವ್ರ ಗ್ವಾಡಿ ನಡುಗಬಾರ್ದಲ್ಲ.”

ನನ್ನ ಕೈಯಲ್ಲಿದ್ದ ತುಪ್ಪದ ಪಾತ್ರೆಯನ್ನು ಕೆಳಗಿಟ್ಟೆ.

“ಇನ್ನೊಮ್ಮೆ ಹೇಳ್ರಿ ಧಣ್ಯಾರ. ಹಿಂದಿನ ಪಂಕ್ತಿಗೆ ಕೇಳಿಲ್ಲ.”

ಅವನ ಬಾಯಲ್ಲಿ ಹುಗ್ಗಿ ಇತ್ತು. ನುಂಗಲು ಬಹಳ ಹೊತ್ತು ಹಿಡಿಯಿತು. ನಾನು ಅವನ ಪರವಾಗಿ, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ, ಅವನ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಕಂಪನ ನಮ್ಮ ಮನೆಯನ್ನು ತಲುಪುವುದೇ ಇಲ್ಲವೆಂದು ಬರೆದುಕೊಟ್ಟವರು ಇವರೇ ಎಂದೂ ಸೇರಿಸಿದೆ. ಯಾರೂ ನಗಲಿಲ್ಲ.

ಊಟವಾದ ಮೇಲೆ ಮನೆ ಕಟ್ಟಿದ ಗೌಂಡಿಗೆ ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಹೊಸ ಧೋತರ ಕೊಟ್ಟು, ತಲೆಗೆ ಪಟಗ ಸುತ್ತಬೇಕು. ಬಂದವರಲ್ಲಿ ದೊಡ್ಡವರೆನಿಸಿಕೊಂಡವರ ಕೈಯಿಂದ ಸುತ್ತಿಸುವುದು ಮರ್ಯಾದೆ. ಗಂಡನ ಶಾಲೆಯ ಹೆಡ್‌ಮಾಸ್ತರರಿಗೆ ಹೇಳಿಟ್ಟಿದ್ದೆವು. ನಾನು ಪಟಗವನ್ನು ಅವರನ್ನು ದಾಟಿ ಒಯ್ದು ಧಣಿಯ ಕೈಗಿಟ್ಟೆ. ಅಷ್ಟು ಜನರೆದುರು ಅವನು ಒಲ್ಲೆ ಎನ್ನುವಂತಿರಲಿಲ್ಲ.

ಅಪ್ಪ ಎದುರು ನಿಂತ. ಆದರೆ ತಲೆ ಬಾಗಿಸಲಿಲ್ಲ.

“ತಡೀರಿ ಧಣಿ. ಕಳಪಿ ಗೌಂಡಿಗೆ ಪಟಗಾ ಸುತ್ತಿದ್ರ ನಿಮ್ಮ ಕೈ ಹೊಲಸಾಕ್ಕೈತಿ.”

“ಅದು ಆಫೀಸಿನ್ಯಾಗಿನ ಮಂದಿ ಬರ್ದದ್ದೋ ಮಾರಾಯಾ. ನಾ ಬರೇ ಸಹಿ ಮಾಡೀನಿ.”

“ಸಹಿ ಮಾಡಿದ್ದು ಈ ಕೈಲೆ ಹೌದಲ್ರಿ?” ಎಂದೆ ನಾನು.

ಧಣಿ ನನ್ನತ್ತ ನೋಡಲಿಲ್ಲ. “ಕೆಲ್ಸ ಛಲೋ ಐತಿ. ಎಲ್ಲಾರ ಮುಂದ ಹೇಳೀನಿ. ಸಾಕಲ್ಲ?”

ಅಪ್ಪ ಆಗ ತಲೆ ಬಾಗಿಸಿದ. ಧಣಿ ಸುತ್ತಿದ ಪಟಗ ಸಡಿಲವಾಗಿ ಕಿವಿಯ ಮೇಲೆ ಜಾರಿತು. ಅಪ್ಪ ಅದನ್ನು ಪೂರ್ತಿ ಬಿಚ್ಚಿ, ಅವನೆದುರಿಗೇ, ನಿಧಾನವಾಗಿ, ತಾನೇ ಮತ್ತೆ ಬಿಗಿಯಾಗಿ ಸುತ್ತಿಕೊಂಡ.

ಧಣಿಯ ಕಾರು ಮರಡಿ ಇಳಿಯುವ ಮುನ್ನವೇ ಗಂಡ ಅವನ ಮಾತನ್ನು ಹಾಳೆಗಿಳಿಸಿದ. ಕೈ ತೊಳೆದು ಬಂದವರಲ್ಲಿ ಒಂಬತ್ತು ಜನ ಸಹಿ ಹಾಕಿದರು; ಆ ಮುದುಕಿ ಹೆಬ್ಬೆಟ್ಟು ಒತ್ತಿದಳು. ಪಾಯದ ಕೆಲಸ ಮುಂದೂಡಿದ್ದ ರೈತ ಅಪ್ಪನ ಹತ್ತಿರ ಬಂದು ಎಲೆಯಡಿಕೆಯ ಚೀಲ ಬಿಚ್ಚುತ್ತ, “ಬೇಸ್ತವಾರ ಬಾರಪಾ, ಪಾಯಕ್ಕ ದಾರ ಹಿಡಿಯೂಣು,” ಎಂದ. ಅಪ್ಪ, ನೋಡಿ ಹೇಳುತ್ತೇನೆ ಎಂದ. ಅವನಿಗೂ ಸೇಡು ಸ್ವಲ್ಪ ಬೇಕಿತ್ತು.

ಮುಂದಿನ ರವಿವಾರ ಒಂದು ಟ್ರ್ಯಾಕ್ಟರ್ ತುಂಬ ಚಪ್ಪಡಿಕಲ್ಲು ನಮ್ಮ ಅಂಗಳಕ್ಕೆ ಬಂತು. ಡ್ರೈವರ್ ಇಳಿದು, “ಧಣ್ಯಾರು ಕಳಿಸ್ಯಾರ್ರಿ ಅಕ್ಕಾರ. ಅಂಗಳಕ್ಕ ಹಾಸ್ಕೋರಿ, ಅರ್ಜಿ ಹಿಂದಕ್ಕ ತಗೋರಿ ಅಂದಾರ,” ಎಂದ. ಅಂಗಳದಲ್ಲಿ ಕೆಸರಿತ್ತು. ಗಂಡ ಕೆಸರನ್ನೂ ಕಲ್ಲನ್ನೂ ನನ್ನನ್ನೂ ನೋಡಿದ. ಅಪ್ಪ ಒಂದು ಚಪ್ಪಡಿಯನ್ನು ಕರಣಿಯ ಹಿಡಿಕೆಯಿಂದ ತಟ್ಟಿ, ನಾದ ಕೇಳಿ, ಅಂಗೈಯಿಂದ ಸವರಿದ. ಈ ಸಲ ನಾನು ಬಾಯಿ ತೆರೆಯಲಿಲ್ಲ. ಅವನು ಹೇಳುವವರೆಗೆ ಕಾದೆ.

“ಕಲ್ಲ ಬಂಗಾರದಂಥಾದ್ದು,” ಎಂದ ಅಪ್ಪ. “ಹೊಳ್ಳಿಸಿ ಒಯ್ಯಪಾ.”

ಬಂದದ್ದು ಏನು, ಯಾವ ಹೊತ್ತಿಗೆ, ಯಾವ ಮಾತಿನೊಡನೆ, ಮರಳಿದ್ದು ಯಾವಾಗ ಎಂದೆಲ್ಲ ಕೂತು ಬರೆದೆ. ಡ್ರೈವರನ ಸಹಿ ಕೇಳಲಿಲ್ಲ, ಅವನ ಅನ್ನಕ್ಕೆ ನಾನು ಕಲ್ಲು ಹಾಕಲಾರೆ. ಕಳಪೆ ಎಂಬ ಶಬ್ದಕ್ಕೆ ಸಹಿ ಹಾಕಿದ ಕೈಯೇ ಅದನ್ನು ಬರಹದಲ್ಲಿ ಹಿಂದಕ್ಕೆ ಪಡೆಯುವವರೆಗೆ ನಾವು ಅರ್ಜಿಯನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಕೊನೆಯ ಸಾಲು ಸೇರಿಸಿದೆ. ಕೆಳಗೆ ನಮ್ಮಿಬ್ಬರ ಸಹಿ. ಅದರ ಕೆಳಗೆ ಅಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದ. ಅದರ ಪಕ್ಕ ನಾನು ಅವನ ಹೆಸರು ಬರೆಯುವಾಗ ಬಗ್ಗಿ ನೋಡಿದ.

“ಹೆಸರಿನ ಮುಂದ ಗೌಂಡಿ ಅಂತ ಬರಿಯವಾ. ದಪ್ಪಾಗಿ ಬರಿ.”

ಬರೆದೆ. ಸೋಮವಾರ ಬೆಳಗ್ಗೆ ಕೊಪ್ಪಳದ ಗಣಿ ಇಲಾಖೆಯ ಕಚೇರಿಯಲ್ಲಿ, ಪಂಚಾಯ್ತಿಗೆ ಬರೆದ ಅರ್ಜಿಯ ಪ್ರತಿ ಮತ್ತು ಸಾಕ್ಷಿಗಳ ಸಹಿಯ ಹಾಳೆಯೊಡನೆ ಇದನ್ನೂ ಕೊಟ್ಟು, ಗುಮಾಸ್ತ ನನ್ನ ಪ್ರತಿಗೆ ಮೊಹರು ಒತ್ತುವವರೆಗೆ ಮೇಜಿನ ಮುಂದಿನಿಂದ ಕದಲಲಿಲ್ಲ.